ಸ್ಪ್ಯಾನಿಷಿನ 'ಕೊಳ್ಳು' ಮತ್ತು 'ಆಗಲಿ'

ಸ್ಪ್ಯಾನಿಷ್ ಕಲಿಯಲು ಕುಳಿತವರು ಮೊದಲ ದಿನವೇ ಬಾಯಿಪಾಠ ಮಾಡುವ ವಾಕ್ಯ 'ಮೆ ಯಾಮೊ' ಎಂಬುದು. ಅದರ ಮುಂದೆ ನಿಮ್ಮ ಹೆಸರು ಸೇರಿಸಿದರೆ 'ನನ್ನ ಹೆಸರು ಇಂಥದ್ದು' ಎಂದಾಯಿತು. ಆದರೆ ಆ ವಾಕ್ಯದಲ್ಲಿ 'ಹೆಸರು' ಎಂಬ ಪದವೇ ಇಲ್ಲ. 'ಯಮಾರ್' ಎಂದರೆ ಕರೆಯುವುದು. 'ಮೆ ಯಾಮೊ' ಎಂದರೆ 'ನಾನು ನನ್ನನ್ನು ಕರೆದುಕೊಳ್ಳುತ್ತೇನೆ'. ಹೀಗೆ, ತಾನು ಮಾಡಿದ ಕೆಲಸ ತನ್ನ ಮೇಲೆಯೇ ಬಂದು ನಿಲ್ಲುವ ಕ್ರಿಯಾಪದಕ್ಕೆ ಇಂಗ್ಲಿಷ್ ವ್ಯಾಕರಣದಲ್ಲಿ ರಿಫ್ಲೆಕ್ಸಿವ್ ವರ್ಬ್ ಎನ್ನುತ್ತಾರೆ. ಕನ್ನಡದಲ್ಲಿ ಆತ್ಮಾರ್ಥಕ ಎನ್ನಬಹುದು.

ಇದಕ್ಕೆ ಜೊತೆಯಾಗಿ ಸಬ್ಜಂಕ್ಟಿವ್ ಎಂಬ ಇನ್ನೊಂದು ರೂಪ ಬಂದಾಗ ಕಲಿಯುವವರು ತಲೆ ಕೆರೆದುಕೊಳ್ಳುತ್ತಾರೆ. ಇಂಗ್ಲಿಷ್ ಮೂಲಕ ಸ್ಪ್ಯಾನಿಷ್ ಕಲಿಸುವ ಆ್ಯಪ್‌ಗಳು ಮತ್ತು ಪುಸ್ತಕಗಳು ಇದನ್ನು ದೊಡ್ಡ ಬೆಟ್ಟದಂತೆ ತೋರಿಸುತ್ತವೆ. ಕನ್ನಡ ಮತ್ತು ಉರ್ದು ಬಲ್ಲ ನಮಗೆ ಅದು ಅಷ್ಟು ದೊಡ್ಡ ಬೆಟ್ಟವಲ್ಲ ಎಂಬುದು ನನ್ನ ಅಭಿಪ್ರಾಯ. ಸುಮಾರು 20 ದೇಶಗಳ ಅಧಿಕೃತ ಭಾಷೆಯಾದ ಸ್ಪ್ಯಾನಿಷನ್ನು ಮುಂದೆ ಕಲಿಯಬೇಕೆಂದಿರುವವರು ನಮ್ಮ ಕಾಲೇಜಿನಲ್ಲೂ ಕೆಲವರಿದ್ದಾರೆ. ಅವರಿಗಾಗಿ ಈ ಬರಹ.

ಮೊದಲೇ ಒಂದು ಮಾತು: ಇಲ್ಲಿ ಸ್ಪ್ಯಾನಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಬರಹದಲ್ಲಿರುವ 'ವ' ಮಾತಿನಲ್ಲಿ 'ಬ' ಕಡೆಗೆ ವಾಲುತ್ತದೆ. ಕೆಲವು 'ಹ'ಗಳು ಗಂಟಲಿನಿಂದ, ಅರಬಿಯ 'ಖಾ' ಹತ್ತಿರಕ್ಕೆ ಬರುತ್ತವೆ. ಉಳಿದದ್ದನ್ನು ಇದ್ದ ಹಾಗೆ ಓದಿಕೊಳ್ಳಿ.

ಕನ್ನಡದಲ್ಲಿ 'ತೊಳೆ' ಬೇರೆ, 'ತೊಳೆದುಕೊ' ಬೇರೆ. ಪಾತ್ರೆ ತೊಳೆಯುತ್ತೇವೆ, ಕೈ ತೊಳೆದುಕೊಳ್ಳುತ್ತೇವೆ. ಸ್ಪ್ಯಾನಿಷಿನಲ್ಲಿಯೂ ಹೀಗೆಯೇ: 'ಲವಾರ್' ಎಂದರೆ ತೊಳೆ, 'ಲವಾರ್ಸೆ' ಎಂದರೆ ತೊಳೆದುಕೊ. ನಿಘಂಟಿನಲ್ಲಿ ಕ್ರಿಯಾಪದದ ಕೊನೆಯಲ್ಲಿ ಈ 'ಸೆ' ಕಂಡರೆ ಅದನ್ನು ನಮ್ಮ 'ಕೊಳ್ಳು' ಎಂದು ಓದಿಕೊಳ್ಳಬಹುದು. ಒಂದೇ ವ್ಯತ್ಯಾಸ, ನಮ್ಮ 'ಕೊಳ್ಳು' ಯಾರು ಮಾಡಿದರೂ ಅದೇ 'ಕೊಳ್ಳು'. ಅವರ 'ಸೆ' ಆಳಿಗೆ ತಕ್ಕಂತೆ ಬದಲಾಗುತ್ತದೆ. ನನಗೆ 'ಮೆ', ನಿನಗೆ 'ತೆ', ಅವನಿಗೆ, ಅವಳಿಗೆ, ಅವರಿಗೆ 'ಸೆ', ನಮಗೆ 'ನೊಸ್'. ಸ್ಪೇನಿನಲ್ಲಿ ಸಲುಗೆಯಿಂದ ಹಲವರನ್ನು ಮಾತಾಡಿಸುವಾಗ 'ಓಸ್' ಎಂಬುದೂ ಇದೆ. ಲ್ಯಾಟಿನ್ ಅಮೆರಿಕದಲ್ಲಿ ಅದರ ಬಳಕೆ ಇಲ್ಲ, ಅಲ್ಲಿ 'ಸೆ' ಸಾಕು.

'ನಾನು ಕೈ ತೊಳೆದುಕೊಳ್ಳುತ್ತೇನೆ' ಎನ್ನಲು 'ಮೆ ಲಾವೊ ಲಾಸ್ ಮಾನೊಸ್' ಎನ್ನಬೇಕು. ಇಲ್ಲಿ 'ಮಾನೊಸ್' ಕೈಗಳು. 'ನನ್ನ ಕೈ' ಎಂದು ಅವರು ಹೇಳುವುದಿಲ್ಲ. ನಾವೂ ಹೇಳುವುದಿಲ್ಲ ತಾನೆ? 'ಊಟಕ್ಕೆ ಮುಂಚೆ ನನ್ನ ಕೈ ತೊಳೆದುಕೊಂಡೆ' ಎಂದರೆ ಕೇಳಿದವರು, ಮತ್ತೆ ಯಾರ ಕೈ ತೊಳೆಯುತ್ತಿದ್ದೆ ಎಂದಾರು. ಇಂಗ್ಲಿಷಿನವರಿಗೆ 'ನನ್ನ' ಬೇಕೇ ಬೇಕು. ಈ ವಿಷಯದಲ್ಲಿ ಇಂಗ್ಲಿಷಿಗಿಂತ ಕನ್ನಡವೇ ಸ್ಪ್ಯಾನಿಷಿಗೆ ಹತ್ತಿರ.

ಎಲ್ಲ 'ಸೆ'ಗಳೂ 'ತನ್ನನ್ನು ತಾನು' ಎಂಬ ಅರ್ಥ ಕೊಡುವುದಿಲ್ಲ. 'ಈರ್' ಎಂದರೆ ಹೋಗು, 'ಈರ್ಸೆ' ಎಂದರೆ ಹೊರಟುಹೋಗು. 'ದೊರ್ಮೀರ್' ಎಂದರೆ ನಿದ್ದೆ ಮಾಡು, 'ದೊರ್ಮೀರ್ಸೆ' ಎಂದರೆ ನಿದ್ದೆಗೆ ಜಾರು. 'ಕೆದಾರ್ಸೆ' ಉಳಿದುಕೊ, 'ಮೆಹೊರಾರ್ಸೆ' ಗುಣವಾಗು, ಸುಧಾರಿಸಿಕೊ. ಇವನ್ನು ಒಂದೊಂದಾಗಿ ಕಲಿಯಬೇಕು, ಅಡ್ಡದಾರಿ ಇಲ್ಲ.

ಇನ್ನು ಸಬ್ಜಂಕ್ಟಿವ್. ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ಕ್ರಿಯಾಪದದ ಅರ್ಥರೂಪಗಳನ್ನು ಓದಿದ್ದು ನೆನಪಿದೆಯೇ? ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ. ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಬರುತ್ತಿದ್ದ ಪ್ರಶ್ನೆ ಅದು. 'ಅವನು ಬರುತ್ತಾನೆ' ಎನ್ನುವುದು ಸುದ್ದಿ. 'ಅವನು ಬರಲಿ' ಎನ್ನುವುದು ಹಾರೈಕೆಯೋ ಅಪ್ಪಣೆಯೋ ಆಗುತ್ತದೆ; ಇದು ವಿಧ್ಯರ್ಥಕ. 'ಅವನು ಬಂದಾನು' ಎನ್ನುವುದು ಬರಬಹುದು, ಬಾರದೆಯೂ ಇರಬಹುದು ಎಂಬ ಊಹೆ, ಇದು ಸಂಭಾವನಾರ್ಥಕ. ಮೂರರಲ್ಲೂ ಬರುವ ಕೆಲಸ ಒಂದೇ. ಬದಲಾಗುವುದು, ಅದನ್ನು ಹೇಳುವವನು ಎಲ್ಲಿ ನಿಂತು ಹೇಳುತ್ತಿದ್ದಾನೆ ಎಂಬುದು.

ಸ್ಪ್ಯಾನಿಷಿನಲ್ಲಿ ನಮ್ಮ 'ಬರಲಿ' ಮತ್ತು 'ಬಂದಾನು' ಎರಡೂ ಹೆಚ್ಚುಕಡಿಮೆ ಒಂದೇ ಮನೆಯಲ್ಲಿ ವಾಸ ಮಾಡುತ್ತವೆ. ಆ ಮನೆಯ ಹೆಸರು ಸಬ್ಜಂಕ್ಟಿವ್. 'ಕ್ರೆಯೊ ಕೆ ಸೆ ಕೇದಾ' ಎಂದರೆ 'ಅವನು ಉಳಿದುಕೊಳ್ಳುತ್ತಾನೆ ಅಂದುಕೊಂಡಿದ್ದೇನೆ'. ಇದು ಸುದ್ದಿಯ ರೂಪ. 'ನೊ ಕ್ರೆಯೊ ಕೆ ಸೆ ಕೇದೆ' ಎಂದರೆ 'ಅವನು ಉಳಿದುಕೊಳ್ಳುತ್ತಾನೆ ಎಂದು ನನಗೆ ಅನಿಸುವುದಿಲ್ಲ'. 'ಕೇದಾ' ಹೋಗಿ 'ಕೇದೆ' ಆಯಿತು. ಹಾಗೆಯೇ 'ಕಿಯೆರೊ ಕೆ ಸೆ ಕೇದೆ' ಎಂದರೆ 'ಅವನು ಉಳಿದುಕೊಳ್ಳಬೇಕೆಂಬುದು ನನ್ನ ಆಸೆ'. ಅನುಮಾನಕ್ಕೂ ಆಸೆಗೂ ಒಂದೇ ರೂಪ.

ಮನೆಯಲ್ಲಿ ಉರ್ದು ಮಾತಾಡುವವರಿಗೆ ಇದು ಇನ್ನೂ ಸುಲಭ. 'ಮೈಂ ಚಾಹತಾ ಹೂಂ ಕಿ ತುಮ್ ಜಾಓ' ಎನ್ನುವಾಗ 'ಜಾತೇ ಹೋ' ಎನ್ನುವುದಿಲ್ಲವಲ್ಲ? 'ಕಿ' ಬಂದ ಮೇಲೆ 'ಜಾಓ' ಎಂದು ರೂಪ ಬದಲಾಯಿತು. ಸ್ಪ್ಯಾನಿಷಿನಲ್ಲಿ ಆ 'ಕಿ'ಯ ಜಾಗದಲ್ಲಿ 'ಕೆ' ಕುಳಿತಿದೆ. ಕೆಲಸವೂ ಅದೇ, ಸದ್ದೂ ಹೆಚ್ಚುಕಡಿಮೆ ಅದೇ.

ರೂಪ ಮಾಡುವ ಬಗೆ ಹೀಗೆ. ವರ್ತಮಾನದಲ್ಲಿ 'ನಾನು' ಎಂಬುದಕ್ಕೆ ಬರುವ ರೂಪವನ್ನು ತೆಗೆದುಕೊಳ್ಳಿ, ಕೊನೆಯ 'ಒ' ತೆಗೆಯಿರಿ. ಮೂಲ ಕ್ರಿಯಾಪದ 'ಆರ್' ಗುಂಪಿನದಾದರೆ 'ಎ' ಹಾಕಿ. 'ಏರ್' ಅಥವಾ 'ಈರ್' ಗುಂಪಿನದಾದರೆ 'ಆ' ಹಾಕಿ. ಅಂದರೆ ಸ್ವರಗಳು ಅದಲುಬದಲಾಗುತ್ತವೆ, ಅಷ್ಟೆ. 'ಲೆವಾಂತಾರ್ಸೆ' ಎಂದರೆ ಎದ್ದೇಳುವುದು. 'ಮೆ ಲೆವಾಂತೊ' ಎಂಬುದರಿಂದ 'ಮೆ ಲೆವಾಂತೆ, ತೆ ಲೆವಾಂತೆಸ್, ಸೆ ಲೆವಾಂತೆ, ನೊಸ್ ಲೆವಾಂತೇಮೊಸ್, ಓಸ್ ಲೆವಾಂತೇಯ್ಸ್, ಸೆ ಲೆವಾಂತೆನ್'. ಮುಂದಿನ 'ಮೆ, ತೆ, ಸೆ'ಗಳಿಗೆ ಏನೂ ಆಗಲಿಲ್ಲ ನೋಡಿ. ಸಬ್ಜಂಕ್ಟಿವ್ ಬಂದರೂ ಹೋದರೂ ಅವು ಇದ್ದಲ್ಲೇ ಇರುತ್ತವೆ. ಎರಡು ಕಷ್ಟ ಒಟ್ಟಿಗೆ ಬಂದವು ಎಂದು ಹೆದರುವವರು ಇದನ್ನು ಗಮನಿಸಬೇಕು: ಬದಲಾಗುವುದು ಕ್ರಿಯಾಪದದ ಬಾಲ ಮಾತ್ರ.

'ಪೊನೇರ್ಸೆ' ಎಂದರೆ ಹಾಕಿಕೊಳ್ಳುವುದು, ತೊಟ್ಟುಕೊಳ್ಳುವುದು. ಅದರ 'ನಾನು' ರೂಪ 'ಮೆ ಪೋಂಗೊ'. ಹಾಗಾಗಿ ಬೈಕ್ ಹತ್ತುವ ಗೆಳೆಯನಿಗೆ 'ಕಿಯೆರೊ ಕೆ ತೆ ಪೋಂಗಾಸ್ ಎಲ್ ಕಾಸ್ಕೊ' ಎನ್ನಬಹುದು. ನೀನು ಹೆಲ್ಮೆಟ್ ಹಾಕಿಕೊಳ್ಳಬೇಕು ಎಂದರ್ಥ. ಇಲ್ಲೂ 'ನಿನ್ನ ಹೆಲ್ಮೆಟ್' ಅಲ್ಲ, ಬರೀ ಹೆಲ್ಮೆಟ್. 'ನಾನು' ರೂಪ 'ಒ'ಯಲ್ಲಿ ಮುಗಿಯದ ಆರು ಕ್ರಿಯಾಪದಗಳಿವೆ, ಅವಕ್ಕೆ ಈ ನಿಯಮ ಹೊಂದುವುದಿಲ್ಲ. ಅವುಗಳಲ್ಲಿ ನಮಗೆ ಇಲ್ಲಿ ಬೇಕಾದದ್ದು 'ಈರ್ಸೆ' ಒಂದೇ: 'ಮೆ ವಾಯಾ, ತೆ ವಾಯಾಸ್, ಸೆ ವಾಯಾ, ನೊಸ್ ವಾಯಾಮೊಸ್'. ಇನ್ನು ಕೆಲವು ಕ್ರಿಯಾಪದಗಳಲ್ಲಿ ರೋಮನ್ ಅಕ್ಷರ ಬದಲಾಗುತ್ತದೆ, ಧ್ವನಿ ಬದಲಾಗುವುದಿಲ್ಲ. ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಆ ತಾಪತ್ರಯ ಕಾಣುವುದೇ ಇಲ್ಲ!

ಈಗ ನನಗೆ ತುಂಬಾ ಇಷ್ಟವಾದ ಜೋಡಿಗೆ ಬರುತ್ತೇನೆ. 'ಸೆಂತಾರ್ಸೆ' ಎಂದರೆ ಕುಳಿತುಕೊಳ್ಳುವುದು. 'ಸೆಂತೀರ್ಸೆ' ಎಂದರೆ ಮೈಗೋ ಮನಸ್ಸಿಗೋ ಹೀಗಿದೆ ಎಂದು ಅನಿಸುವುದು. ಎರಡರಲ್ಲೂ 'ನಾನು' ರೂಪ ಒಂದೇ: 'ಮೆ ಸಿಯೆಂತೊ'. ಅಂದರೆ 'ಮೆ ಸಿಯೆಂತೊ' ಎಂದು ಇಷ್ಟೇ ಹೇಳಿ ನಿಲ್ಲಿಸಿದರೆ ಕುಳಿತುಕೊಳ್ಳುತ್ತಿದ್ದಾನೋ, ಏನೋ ಅನಿಸುತ್ತಿದೆಯೋ, ಮುಂದಿನ ಪದ ಬರುವವರೆಗೆ ಗೊತ್ತಾಗದು. ಮುಂದಕ್ಕೆ ಹೋದರೆ ಇನ್ನೂ ಸ್ವಾರಸ್ಯ. ಸುದ್ದಿಯ ರೂಪದಲ್ಲಿ 'ನೀನು ಕುಳಿತುಕೊಳ್ಳುತ್ತೀಯ' ಎಂದರೆ 'ತೆ ಸಿಯೆಂತಾಸ್'. 'ನಿನಗೆ ಅನಿಸುತ್ತದೆ' ಎಂದರೆ 'ತೆ ಸಿಯೆಂತೆಸ್'. ಸಬ್ಜಂಕ್ಟಿವಿನಲ್ಲಿ ಸ್ವರ ಅದಲುಬದಲಾಗಬೇಕಲ್ಲ? ಆಗ ಕುಳಿತುಕೊಳ್ಳುವುದು 'ತೆ ಸಿಯೆಂತೆಸ್' ಆಗುತ್ತದೆ, ಅನಿಸುವುದು 'ತೆ ಸಿಯೆಂತಾಸ್' ಆಗುತ್ತದೆ. ಇಬ್ಬರು ತಮ್ಮ ಅಂಗಿ ಬದಲಾಯಿಸಿಕೊಂಡ ಹಾಗೆ!

ಆದ್ದರಿಂದ 'ಕಿಯೆರೊ ಕೆ ತೆ ಸಿಯೆಂತೆಸ್ ಅಕೀ' ಎಂದರೆ 'ನೀನು ಇಲ್ಲಿ ಕುಳಿತುಕೊಳ್ಳಬೇಕು'. 'ಎಸ್ಪೆರೊ ಕೆ ತೆ ಸಿಯೆಂತಾಸ್ ಮೆಹೋರ್' ಎಂದರೆ 'ನಿನಗೆ ಈಗ ಪರವಾಗಿಲ್ಲ ಅನಿಸುತ್ತಿರಬಹುದೆಂದು ಆಶಿಸುತ್ತೇನೆ'. ಈ ಎರಡು ವಾಕ್ಯಗಳನ್ನು ಬರೆದು ಗೋಡೆಗೆ ಅಂಟಿಸಿಕೊಂಡರೆ ಅರ್ಧ ಪಾಠ ಮುಗಿದಂತೆ. 'ನಾವು' ರೂಪದಲ್ಲಿ ಗೊಂದಲವಿಲ್ಲ: ಕುಳಿತುಕೊಳ್ಳಲು 'ನೊಸ್ ಸೆಂತೇಮೊಸ್', ಅನಿಸಲು 'ನೊಸ್ ಸಿಂತಾಮೊಸ್'.

ನನ್ನ ಅಣ್ಣ ದೋಹಾದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾನೆ. ಅವನ ಜೊತೆ ಕೊಲಂಬಿಯಾದ ಒಬ್ಬರಿದ್ದಾರೆ, ಅಣ್ಣನಿಗಿಂತ ತುಂಬಾ ಹಿರಿಯರು. ಹೋದ ವರ್ಷ ಅವರಿಗೆ ಹೃದಯದ ಆಪರೇಷನ್ ಆಯಿತು. ಹೆಂಡತಿ ಮಕ್ಕಳೆಲ್ಲ ಊರಿನಲ್ಲಿ, ಇವರೊಬ್ಬರೇ ಆಸ್ಪತ್ರೆಯಲ್ಲಿ. "ನೀನು ಸ್ಪ್ಯಾನಿಷ್ ಕಲಿಯುತ್ತಿದ್ದೀಯಲ್ಲ, ಅವರದೇ ಭಾಷೆಯಲ್ಲಿ ಒಂದು ಮಾತು ಬರೆದುಕೊಡು" ಎಂದು ಅಣ್ಣ ವಾಟ್ಸಾಪ್ ಮಾಡಿದ.

ನಾನು ಬರೆದುಕೊಟ್ಟದ್ದು 'ಕೆ ಸೆ ಮೆಹೋರೆ ಪ್ರೋಂತೊ'. ಬೇಗ ಗುಣವಾಗಲಿ ಎಂದರ್ಥ. ಗೆಳೆಯನಿಗಾದರೆ 'ಕೆ ತೆ ಮೆಹೋರೆಸ್'. ಇವರು ಹಿರಿಯರು, 'ನೀವು' ಎನ್ನಬೇಕಾದವರು, ಆದ್ದರಿಂದ 'ಸೆ ಮೆಹೋರೆ'. ಸ್ಪ್ಯಾನಿಷಿನ 'ನೀವು' ಅಂದರೆ 'ಉಸ್ತೆದ್'. ಅದು ನಮ್ಮ 'ಉಸ್ತಾದ್'ನಿಂದ ಬಂದಿದೆ ಎಂದು ಕೆಲವರು ಖುಷಿಯಿಂದ ಹೇಳುವುದುಂಟು. ನಿಘಂಟು ಒಪ್ಪುವುದಿಲ್ಲ: 'ತಮ್ಮ ಕೃಪೆ' ಎಂಬರ್ಥದ 'ವುಎಸ್ತ್ರಾ ಮೆರ್ಸೆದ್' ಸವೆದು ಸವೆದು 'ಉಸ್ತೆದ್' ಆಯಿತು. 'ಕೃಪೆ' ಮೂರನೆಯವರಂತೆ ನಡೆಯುವುದರಿಂದ 'ನೀವು' ಎನ್ನುವಾಗಲೂ 'ಅವರು' ಎಂಬುದರ ರೂಪವೇ ಬರುತ್ತದೆ.

ಆ ಸಂದೇಶದಲ್ಲಿ 'ಮೆಹೋರೆ' ಇರಬೇಕಾದ ಜಾಗದಲ್ಲಿ 'ಮೆಹೋರಾ' ಬಂದು, ಮುಂದಿನ 'ಕೆ' ಬಿಟ್ಟುಹೋದರೆ ಏನಾಗುತ್ತದೆ? 'ಸೆ ಮೆಹೋರಾ ಪ್ರೋಂತೊ' ಎಂದಾಗುತ್ತದೆ. 'ಬೇಗ ಗುಣವಾಗುತ್ತಾರೆ' ಎಂಬ ಸುದ್ದಿ. ಡಾಕ್ಟರ್ ಹೇಳಿದರೆ ಸರಿ. ಎದೆ ಕೊಯ್ಸಿಕೊಂಡು ಮಲಗಿದವರಿಗೆ ನಾವು ನೀವು ಸುದ್ದಿ ಹೇಳಲು ಯಾರು? ಅದು ನಮ್ಮ ಕೈಯಲ್ಲಿಲ್ಲ. 'ಮೆಹೋರೆ' ಎನ್ನುವಾಗ ಆ ಕೊನೆಯ 'ಎ' ಹೇಳುವುದು ಇದನ್ನೇ: ಇದು ನನ್ನ ಬಯಕೆ, ಸುದ್ದಿಯಲ್ಲ. ಅದರ ಹಿಂದಿನ 'ಸೆ' ಇನ್ನೊಂದನ್ನು ಹೇಳುತ್ತದೆ: ಸುಧಾರಿಸಿಕೊಳ್ಳುವವರು ಅವರೇ. ಕನ್ನಡದಲ್ಲಿ 'ನಿಮಗೆ ಬೇಗ ಗುಣವಾಗಲಿ' ಎನ್ನುತ್ತೇವೆ, ಗುಣ ಎಂಬುದು ಎಲ್ಲಿಂದಲೋ ಬಂದು ನಿಮಗೆ ಆಗುತ್ತದೆ. ಸ್ಪ್ಯಾನಿಷಿನಲ್ಲಿ ಕರ್ತೃ ರೋಗಿಯೇ. ಎರಡೂ ಒಳ್ಳೆಯ ಮಾತೇ. ನನಗೆ ಯಾಕೋ ಮಲಗಿದವರನ್ನೇ ಕರ್ತೃ ಮಾಡುವ ಆ ಬಗೆ ಹಿಡಿಸಿತು.

ಅವರು ಕಳಿಸಿದ ಉತ್ತರ 'ಕೆ ದಿಯೋಸ್ ಸೆ ಲೊ ಪಾಗೆ'. ದೇವರು ನಿಮಗೆ ಇದರ ಪ್ರತಿಫಲ ಕೊಡಲಿ ಎಂದು. ನಾವು 'ಜಝಾಕಲ್ಲಾಹ್' ಎನ್ನುವ ಜಾಗದಲ್ಲಿ ಅವರು ಹೇಳುವ ಮಾತು. 'ಪಾಗೆ' ಸಬ್ಜಂಕ್ಟಿವ್. ಆದರೆ ಇಲ್ಲಿಯ 'ಸೆ' ನಮ್ಮ 'ಕೊಳ್ಳು' ಅಲ್ಲ. 'ನಿಮಗೆ' ಎಂಬರ್ಥದ 'ಲೆ', ಮುಂದೆ 'ಲೊ' ಬಂದಾಗ 'ಸೆ' ಎಂದು ವೇಷ ಹಾಕುತ್ತದೆ. 'ಸೆ' ಕಂಡಲ್ಲೆಲ್ಲ ಆತ್ಮಾರ್ಥಕ ಎಂದುಕೊಳ್ಳಬಾರದು.

ಇಂಥದ್ದೇ ಇನ್ನೊಂದು ಜೋಡಿ ಇದೆ, ಬಹಳ ಎಚ್ಚರ ಬೇಕಾದದ್ದು. ಊರಿಗೆ ಹೊರಟವರಿಗೆ 'ಕೆ ತೆ ವಾಯಾ ಬಿಯೆನ್' ಎನ್ನುತ್ತಾರೆ. 'ನಿನಗೆ ಒಳ್ಳೆಯದಾಗಲಿ' ಎಂದು. ಇದರಲ್ಲಿ 'ತೆ' ನಮ್ಮ 'ನಿನಗೆ'. ಕನ್ನಡದ ಹಾಗೆಯೇ ಚತುರ್ಥಿ ವಿಭಕ್ತಿ. 'ವಾಯಾ'ಕ್ಕೆ ಕೊನೆಯಲ್ಲಿ ಒಂದು 'ಸ್' ಸೇರಿಸಿ 'ಕೆ ತೆ ವಾಯಾಸ್' ಎಂದರೆ 'ಈರ್ಸೆ' ಕ್ರಿಯಾಪದ ಒಳಗೆ ಬಂತು. 'ನೀನು ಇಲ್ಲಿಂದ ಹೊರಟುಹೋಗು' ಎಂದಾಯಿತು. ಹಾರೈಕೆಗೂ ಹೊರಗಟ್ಟುವುದಕ್ಕೂ ನಡುವೆ ಇರುವುದು ಒಂದು ಸಕಾರ.

ಅರಬಿಯನ್ನು ಭಾಷಾ ವಿಷಯವಾಗಿ ಓದುತ್ತಿರುವವರಿಗೆ ಸ್ಪ್ಯಾನಿಷಿನ ಈ ಮೂಲೆಯಲ್ಲಿ ಹಳೆಯ ನೆಂಟರು ಸಿಗುತ್ತಾರೆ. 711ರಿಂದ 1492ರಲ್ಲಿ ಗ್ರಾನಡಾ ಕೈಬಿಡುವವರೆಗೆ ಸ್ಪೇನಿನಲ್ಲಿ, ಕಾಲಕಾಲಕ್ಕೆ ಕುಗ್ಗುತ್ತಾ ಬಂದರೂ, ಮುಸ್ಲಿಂ ಆಡಳಿತವಿತ್ತು. ಆಗ ಅಲ್ಲಿಯ ಮಾತಿಗೆ ಸೇರಿದ ಪದಗಳಲ್ಲಿ ಒಂದು 'ಓಹಲಾ'. ಸ್ಪೇನಿನ ರಾಯಲ್ ಅಕಾಡೆಮಿಯ ನಿಘಂಟಿನ ಪ್ರಕಾರ ಇದರ ಮೂಲ ಅಲ್ಲಿಯ ಅರಬಿಯ 'ಲವ್ ಶಾ ಅಲ್ಲಾಹ್', ಅಂದರೆ 'ದೇವರು ಇಚ್ಛಿಸಿದರೆ'. ಈಗ ಸ್ಪ್ಯಾನಿಷ್ ಮಾತಾಡುವ ಎಲ್ಲ ಧರ್ಮದವರೂ, ಧರ್ಮವಿಲ್ಲದವರೂ 'ಓಹಲಾ' ಎನ್ನುತ್ತಾರೆ. ಅದರ ಹಿಂದೆಯೇ ಸಬ್ಜಂಕ್ಟಿವ್ ಬರಬೇಕು, ಬೇರೆ ದಾರಿ ಇಲ್ಲ: 'ಓಹಲಾ ತೆ ಮೆಹೋರೆಸ್ ಪ್ರೋಂತೊ'.

ಆದರೆ 'ಓಹಲಾ' ನಮ್ಮ 'ಇನ್ಶಾ ಅಲ್ಲಾಹ್' ಅಲ್ಲ. 'ನಾಳೆ ಹೊರಡುತ್ತೇನೆ, ಇನ್ಶಾ ಅಲ್ಲಾಹ್' ಎನ್ನುವವನು ಟಿಕೆಟ್ ಮಾಡಿಸಿ ಕುಳಿತಿರುತ್ತಾನೆ. 'ಓಹಲಾ' ಎನ್ನುವವನಿಗೆ ಆಸೆ ಮಾತ್ರ ಇದೆ. ಟಿಕೆಟ್ ಆದವನ ಮಾತನ್ನು ಸ್ಪ್ಯಾನಿಷಿನಲ್ಲಿ 'ಮನ್ಯಾನಾ ಮೆ ವೊಯ್, ಸಿ ದಿಯೋಸ್ ಕಿಯೆರೆ' ಎನ್ನಬೇಕು. ಇಲ್ಲಿ 'ಮೆ ವೊಯ್', 'ಕಿಯೆರೆ' ಎರಡೂ ಸುದ್ದಿಯ ರೂಪಗಳೇ. ದೇವರ ಇಚ್ಛೆ ಏನೆಂದು ಗೊತ್ತಿಲ್ಲದಿದ್ದರೂ ಸಬ್ಜಂಕ್ಟಿವ್ ಇಲ್ಲ, ಯಾಕೆಂದರೆ 'ಒಂದು ವೇಳೆ' ಎಂಬರ್ಥದ 'ಸಿ' ಹಿಂದೆ ವರ್ತಮಾನದ ಸಬ್ಜಂಕ್ಟಿವ್ ಬರುವುದೇ ಇಲ್ಲ. ಇದು ವಿಚಿತ್ರವೆನಿಸಿದರೂ ನಿಯಮ.

ಇನ್ನೊಬ್ಬ ನೆಂಟ 'ಆಸ್ತಾ'. ಇದರ ಮೂಲ ಅರಬಿಯ 'ಹತ್ತಾ', ಅರ್ಥವೂ ಅದೇ, 'ವರೆಗೆ'. 1991ರ ಟರ್ಮಿನೇಟರ್ ಸಿನಿಮಾದ 'ಆಸ್ತಾ ಲಾ ವೀಸ್ತಾ' ಎಲ್ಲರಿಗೂ ಗೊತ್ತು. ಅಲ್ಲಿ 'ವೀಸ್ತಾ' ಎಂದರೆ ನೋಟ. ಮತ್ತೆ ನೋಡುವವರೆಗೆ ಎಂದರ್ಥ. ಅದೇ 'ವೀಸ್ತಾ' ಬೇರೆ ಕಡೆ 'ವೆಸ್ತೀರ್ಸೆ', ಅಂದರೆ ಬಟ್ಟೆ ಹಾಕಿಕೊಳ್ಳುವುದು, ಎಂಬುದರ ಸಬ್ಜಂಕ್ಟಿವ್ ರೂಪವಾಗಿ ಬರುತ್ತದೆ: 'ಎಸ್ಪೆರಾ ಆಸ್ತಾ ಕೆ ಮೆ ವೀಸ್ತಾ', ನಾನು ಬಟ್ಟೆ ಹಾಕಿಕೊಳ್ಳುವವರೆಗೆ ಕಾಯಿ. ಇನ್ನೂ ನಡೆಯದ ಕೆಲಸವಾದ್ದರಿಂದ 'ಆಸ್ತಾ ಕೆ' ಮುಂದೆ ಸಬ್ಜಂಕ್ಟಿವ್. ಅರಬಿಯಲ್ಲೂ 'ಹತ್ತಾ' ನಂತರ ಮುಂದೆ ಆಗಬೇಕಾದದ್ದನ್ನು ಹೇಳುವಾಗ 'ಯಕ್ತುಬು' ಹೋಗಿ 'ಯಕ್ತುಬ' ಆಗುತ್ತದಲ್ಲ, ಮನ್ಸೂಬ್! ಇದನ್ನು ನೋಡಿ ಸ್ಪ್ಯಾನಿಷಿನ ಸಬ್ಜಂಕ್ಟಿವೇ ಅರಬಿಯಿಂದ ಬಂತು ಎಂದುಕೊಳ್ಳಬೇಡಿ. ಅದು ಲ್ಯಾಟಿನಿನಿಂದ ಬಂದ ಆಸ್ತಿ. ಎರಡು ಭಾಷೆಗಳು ಒಂದೇ ಜಾಗದಲ್ಲಿ ಒಂದೇ ಥರ ಯೋಚಿಸಿವೆ, ಅಷ್ಟೆ.

ನಮ್ಮ ಭಾಷೆಗಳ ಸಹಾಯ ಎಲ್ಲ ಕಡೆ ಒದಗುವುದಿಲ್ಲ. 'ಮೆ ಆಲೇಗ್ರೊ ದೆ ಕೆ ತೆ ಸಿಯೆಂತಾಸ್ ಮೆಹೋರ್' ಎಂಬ ವಾಕ್ಯ ನೋಡಿ. 'ನೀನು ಚೇತರಿಸಿಕೊಂಡಿರುವುದು ನನಗೆ ಸಂತೋಷ'. ಇಲ್ಲಿ ಅನುಮಾನವೂ ಇಲ್ಲ, ಹಾರೈಕೆಯೂ ಇಲ್ಲ. ಚೇತರಿಕೆ ಕಣ್ಣೆದುರಿನ ಸತ್ಯ. ಆದರೂ 'ಸಿಯೆಂತಾಸ್' ಸಬ್ಜಂಕ್ಟಿವ್. ಯಾಕೆಂದರೆ ಈ ವಾಕ್ಯ ಚೇತರಿಕೆಯನ್ನು ಸುದ್ದಿಯಾಗಿ ಕೊಡುತ್ತಿಲ್ಲ, ಅದು ಇಬ್ಬರಿಗೂ ಗೊತ್ತು. ಸುದ್ದಿ ಇರುವುದು ಸಂತೋಷದಲ್ಲಿ, ಅದಕ್ಕೇ 'ಮೆ ಆಲೇಗ್ರೊ' ಮಾತ್ರ ಸಾಮಾನ್ಯ ರೂಪದಲ್ಲಿದೆ. ಖುಷಿ, ಭಯ, ಬೇಸರ, ಆಶ್ಚರ್ಯ ಇವುಗಳ ಹಿಂದೆ ಬರುವ ವಾಕ್ಯಕ್ಕೆಲ್ಲ ಇದೇ ಲೆಕ್ಕ. ಕನ್ನಡದಲ್ಲಿ ಇದಕ್ಕೆ ಜೋಡಿ ಹುಡುಕಿದರೆ ಸಿಗುವುದಿಲ್ಲ. ಅಭ್ಯಾಸ ಮಾಡಿಯೇ ಕಲಿಯಬೇಕು.

ಆಸೆ ಪಡುವವನೂ ಮಾಡುವವನೂ ಒಬ್ಬನೇ ಆದರೆ ಸಬ್ಜಂಕ್ಟಿವ್ ಬೇಡ. 'ನಾನು ಬೇಗ ಏಳಬೇಕೆಂದಿದ್ದೇನೆ' ಎನ್ನಲು 'ಕಿಯೆರೊ ಲೆವಾಂತಾರ್ಮೆ ತೆಂಪ್ರಾನೊ' ಸಾಕು. ನಿಘಂಟಿನ 'ಸೆ' ಇಲ್ಲಿ 'ಮೆ' ಆಗಿ ಹಿಂದೆ ಅಂಟಿಕೊಂಡಿತು.

ಕೊನೆಗೆ ಅಪ್ಪಣೆಯ ಮಾತು. 'ಏಳು' ಎನ್ನಲು 'ಲೆವಾಂತಾತೆ'. 'ತೆ' ಹಿಂದೆ ಅಂಟಿತು. 'ಏಳಬೇಡ' ಎನ್ನಲು 'ನೊ ತೆ ಲೆವಾಂತೆಸ್'. 'ತೆ' ಮುಂದೆ ಬಂತು, ಕ್ರಿಯಾಪದ ಸಬ್ಜಂಕ್ಟಿವ್ ಆಯಿತು. ಹಿರಿಯರಿಗೆ ಕುರ್ಚಿ ತೋರಿಸುವಾಗ 'ಸಿಯೆಂತೆಸೆ, ಪೊರ್ ಫಾವೋರ್', ದಯವಿಟ್ಟು ಕುಳಿತುಕೊಳ್ಳಿ, ಇದೂ ಸಬ್ಜಂಕ್ಟಿವೇ. ನಮ್ಮ ವಿಧ್ಯರ್ಥಕದಲ್ಲಿ 'ಏಳಲಿ'ಯ ಜೊತೆ 'ಏಳೋಣ' ಕೂಡ ಇದೆಯಲ್ಲ, ಅದಕ್ಕೆ ಅವರು 'ಲೆವಾಂತೇಮೊಸ್' ಜೊತೆ 'ನೊಸ್' ಸೇರಿಸಿ, ನಡುವಿನ 'ಸ್' ಬಿಟ್ಟು, 'ಲೆವಾಂತೇಮೊನೊಸ್' ಎನ್ನುತ್ತಾರೆ. 'ಈರ್ಸೆ'ಗೆ ಮಾತ್ರ ಸಬ್ಜಂಕ್ಟಿವ್ ಬಿಟ್ಟು ಹಳೆಯ ಸಣ್ಣ ರೂಪವೇ ಉಳಿದಿದೆ: 'ವಾಮೊನೊಸ್', ಹೊರಡೋಣ.